5 ಕೆಜಿ ಕೊಕೊಪೀಟ್ ಇಟ್ಟಿಗೆ: ಕಾರವಾರದ ಟೆರೇಸಿಗೆ ಸರಿ, ಶಿರಸಿಯ ಹಿತ್ತಲಿಗೆ ದಂಡ

ಕೊಕೊಪೀಟ್ ಎಂದರೆ ತೆಂಗಿನ ಸಿಪ್ಪೆಯ ಪುಡಿ, ಒತ್ತಿ ಇಟ್ಟಿಗೆ ಮಾಡಿ ಮಾರುತ್ತಾರೆ. ಮೊದಲು ತೂಕದ ಮಾತು. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋಬ್ಯಾಗಿಗೆ (ಗಿಡ ಬೆಳೆಸುವ ಚೀಲ) ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ 25 ಕೆಜಿ ದಾಟುತ್ತದೆ. ನಿವೃತ್ತಿಯ ವಯಸ್ಸಿನಲ್ಲಿ, ಬಿಸಿಲು ವಾಲಿದ ಕಡೆ ಅದನ್ನು ಎತ್ತಿಡುವುದೆಂದರೆ ಸೊಂಟನೋವನ್ನು ಮನೆಗೆ ಕರೆದಂತೆ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಮಣ್ಣು, ಒಂದು ಪಾಲು ಹಳೇ ಸಗಣಿಗೊಬ್ಬರ ಬೆರೆಸಿದರೆ ಅದೇ ಚೀಲ 15 ಕೆಜಿ ಆಸುಪಾಸು. ಈ ಇಟ್ಟಿಗೆಗೆ ದುಡ್ಡು ಕೊಡುವುದು ಇದೊಂದಕ್ಕೇ.

ಒಂದು ಇಟ್ಟಿಗೆ 20ರಿಂದ 25 ಲೀಟರ್ ನೀರು ಕುಡಿದು 70 ಲೀಟರಿನಷ್ಟು ಉಬ್ಬುತ್ತದೆ. ಏಳೆಂಟು ಚೀಲಕ್ಕೆ ಸಾಕು. ಬಕೆಟ್ಟಿನಲ್ಲಿ ನೆನೆಸಿದರೆ ಉಕ್ಕಿ ಅಂಗಳ ಸೇರುತ್ತದೆ, ದೊಡ್ಡ ಟಬ್ಬೇ ಬೇಕು. ನಾಲ್ಕೇ ಚೀಲ ಇದ್ದವರು ಒಣಗಿರುವಾಗಲೇ ಗರಗಸದಲ್ಲಿ ಕೊಯ್ದು ಅರ್ಧ ಪಕ್ಕದ ಮನೆಗೆ ದಾಟಿಸಿ. ಬದಲಿಗೆ ಸೇವಂತಿಗೆ ಸಸಿ ಬಂದರೆ ಬೇಡ ಅನ್ನಬೇಡಿ.

ಎಡವಟ್ಟಾಗುವುದು ಉಪ್ಪಿನಲ್ಲಿ. ತೆಂಗಿನ ಸಿಪ್ಪೆಯಲ್ಲೇ ಸೋಡಿಯಂ, ಪೊಟ್ಯಾಸಿಯಂ ಇರುತ್ತದೆ. ಉಪ್ಪುಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ತೊಳೆಯದೆ ಬಳಸಿದರೆ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. 'ಲೋ ಇಸಿ' (ಉಪ್ಪಿನಂಶ ಕಡಿಮೆ) ಎಂದು ಮುದ್ರಿಸಿದ್ದನ್ನೇ ಕೊಳ್ಳಿ, ಕೊಂಡ ಮೇಲೂ ಗೋಣಿಚೀಲಕ್ಕೆ ಹಾಕಿ ಮೂರು ಸಲ ನೀರು ಬಿಟ್ಟು ಬಸಿಯಿರಿ. ಬಸಿದ ನೀರು ಹಾಲಿಲ್ಲದ ಚಹಾದಂತಿದೆ ಎಂದು ಹಲವರು ಗಾಬರಿಯಾಗುತ್ತಾರೆ. ಆ ಬಣ್ಣ ಟ್ಯಾನಿನ್‌ನದು, ಉಪ್ಪು ಕಣ್ಣಿಗೆ ಕಾಣುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಮನೆಯಲ್ಲಿದ್ದರೆ ಮೊದಲ ಬಸಿನೀರು, ಮೂರನೇ ಬಸಿನೀರು ಎರಡನ್ನೂ ಅಳೆಯಿರಿ, ಉಪ್ಪು ಎಷ್ಟು ಇಳಿಯಿತೆಂದು ತಿಳಿಯುತ್ತದೆ. ಕಡಲ ಬದಿಯ ಸವಳು ಬಾವಿ ನೀರಲ್ಲಿ ತೊಳೆದು ಪ್ರಯೋಜನವಿಲ್ಲ. ಅಕ್ಟೋಬರಿನ ಮಳೆಗೆ ಗೋಣಿಯನ್ನು ಮಾಡಿನ ಹನಿಯಡಿ ಇಟ್ಟರೆ ಪುಕ್ಕಟೆ ಕೆಲಸ.

ಇನ್ನು, ಇದರಲ್ಲಿ ಗಿಡಕ್ಕೆ ಊಟವಿಲ್ಲ. ಬರೀ ಕೊಕೊಪೀಟಿನಲ್ಲಿ ಹರಿವೆ ಬಿತ್ತಿದರೆ ಮೊಳಕೆ ಚೆಂದವೇ, ಆಮೇಲೆ ಕೆಳಗಿನ ಎಲೆ ಹಳದಿ. ನಾರು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಚೀಲಕ್ಕೊಂದು ಮುಷ್ಟಿ ಬೇವಿನ ಹಿಂಡಿ, ಹದಿನೈದು ದಿನಕ್ಕೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರ ಕೊಡಿ. ಮೇಲ್ಮೈ ಬಿಳಿಚಿ ಒಣಗಿದಂತೆ ಕಂಡರೂ ಎರಡು ಇಂಚು ಬೆರಳಿಳಿಸಿದರೆ ಒಳಗೆ ಜವುಗು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದು ಆಫೀಸಿನ ಶಿಸ್ತಿನಲ್ಲಿ ನೀರು ಹೊಯ್ಯುವವರ ಬದನೆ ಸಸಿಯೇ ಮೊದಲು ಬುಡ ಕೊಳೆತು ಮಲಗುವುದು.

ಶಿರಸಿ, ಸಿದ್ದಾಪುರದ ಕಡೆ ದರಕು (ಒಣ ತರಗೆಲೆ), ಕೊಟ್ಟಿಗೆ ಗೊಬ್ಬರ, ಕೊಳೆತ ಅಡಿಕೆ ಸಿಪ್ಪೆ ಮನೆಯಲ್ಲೇ ಇರುವಾಗ ಈ ಇಟ್ಟಿಗೆ ಹೊತ್ತು ಘಟ್ಟ ಹತ್ತುವುದೇಕೆ? ಕಾರವಾರದ ಫ್ಲ್ಯಾಟಿನವರು ಒಂದೇ ಇಟ್ಟಿಗೆಯಿಂದ ಶುರುಮಾಡಲಿ. ಭಾನುವಾರದ ಸಂತೆಯಲ್ಲಿ ಬಸಳೆ ಕಟ್ಟು ಕೊಂಡರೆ ಸೊಪ್ಪು ಸಾರಿಗೆ. ಮೂರು ಗೆಣ್ಣಿನ ದಪ್ಪ ದಂಟನ್ನು ಎರಡು ಗೆಣ್ಣು ಒಳಹೋಗುವಂತೆ ಊರಿದರೆ ಚೀಲಕ್ಕೊಂದು ಬಳ್ಳಿ. ಬೆಳೆ ಮುಗಿದ ಮೇಲೆ ಮಿಶ್ರಣ ಎಸೆಯಬೇಡಿ. ಬೇರು ಕಿತ್ತು, ಬಿಸಿಲಿಗೆ ಹರವಿ, ಕಾಲು ಭಾಗ ಹೊಸ ಗೊಬ್ಬರ ಸೇರಿಸಿದರೆ ಮುಂದಿನ ಬೆಳೆಗೂ ಆಗುತ್ತದೆ.