ಅಮ್ಮನ ಜೊತೆ ಕೆಫೆಗೆ ಹೋಗುವುದಾದರೆ ನನ್ನ ಓಟು ಮಲ್ಲೇಶ್ವರಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಯುರೋಪಿಯನ್ ಶೈಲಿಯ ಕೆಫೆ ಅಂದರೆ ನನಗೆ ಮಲ್ಲೇಶ್ವರದಲ್ಲಿ ಹಳೇ ಮನೆಯೊಂದರಲ್ಲಿ ನಡೆಸುವ ಪುಟ್ಟ ಕೆಫೆಯೇ ಇಷ್ಟ. ಲ್ಯಾವೆಲ್ ರಸ್ತೆ ಕಡೆಯ ಫ್ರೆಂಚ್ ಕೆಫೆ ನೋಡೋಕೆ ಅದಕ್ಕಿಂತ ಚೆಂದ. ಅಮೃತಶಿಲೆಯ ಮೇಜು, ಬೆತ್ತದ ಕುರ್ಚಿ, ಗಾಜಿನೊಳಗೆ ಸಾಲಾಗಿ ಜೋಡಿಸಿದ ಕೇಕು. ಫೋಟೋ ಬೇಕಿದ್ದರೆ ಅಲ್ಲಿಗೇ ಹೋಗಿ. ಆದರೆ ನಾನು ತುಮಕೂರಿನಿಂದ ಹೋಗುವುದು ಅಮ್ಮ ಮತ್ತು ಅತ್ತೆಯ ಜೊತೆ. ಇಬ್ಬರೂ ಮೊಟ್ಟೆ ಮುಟ್ಟುವವರಲ್ಲ.

ಲ್ಯಾವೆಲ್ ರಸ್ತೆಯಲ್ಲಿ ತೊಂದರೆ ಶುರುವಾಗಿದ್ದೇ ಇಲ್ಲಿ. ಮೆನುವಿನಲ್ಲಿ ಕ್ರೋಸಾಂಟ್ (ಬೆಣ್ಣೆ ಪದರದ ಫ್ರೆಂಚ್ ಬನ್ನು) ಪಕ್ಕ ಹಸಿರು ಚುಕ್ಕೆ ಇತ್ತು. ಆದರೂ ಕೇಳಿದೆ. 'ಪ್ಯೂರ್ ವೆಜ್ ಮೇಡಂ' ಅಂದರು. ತಟ್ಟೆ ಬಂದಾಗ ಮೇಲ್ಭಾಗ ಫಳಫಳ ಹೊಳೆಯುತ್ತಿತ್ತು. ಬೇಯಿಸುವ ಮೊದಲು ಮೊಟ್ಟೆ ಹಚ್ಚಿದರೆ ಬರುವ ಹೊಳಪು ಅದು. ಮತ್ತೆ ಕೇಳಿದೆ. ಹುಡುಗ ಒಳಗೆ ಹೋಗಿ ತುಂಬಾ ಹೊತ್ತಿನ ಮೇಲೆ ಬಂದ. 'ಹಿಟ್ಟಿಗೆ ಹಾಕಲ್ಲ ಮೇಡಂ, ಮೇಲೆ ಮಾತ್ರ ಹಚ್ತಾರೆ' ಅಂದ. ಅಷ್ಟರಲ್ಲಿ ಅತ್ತೆ ಅರ್ಧ ತಿಂದಾಗಿತ್ತು.

ಅತ್ತೆ ಜಗಳ ಮಾಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದರು, ಊರಿಗೆ ಬರುವವರೆಗೂ ಬರೀ ನೀರು ಕುಡಿದರು. ನನಗೆ ಹೊಟ್ಟೆ ಉರಿದುಹೋಯಿತು. ಮೇಲೆ ಹಚ್ಚಿದರೂ ಮೊಟ್ಟೆ ಮೊಟ್ಟೆಯೇ ಅಲ್ವಾ? ನಮ್ಮ ದೇಶದ ಆಹಾರ ನಿಯಮದಲ್ಲೂ ಮೊಟ್ಟೆ ಮಾಂಸಾಹಾರದ ಲೆಕ್ಕಕ್ಕೇ ಬರುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಒಳಗೆ ಮೊಟ್ಟೆ ಇಲ್ಲ ಅಂತಲೇ ಅರ್ಥ. ಮೆನು ಬರೆಯುವವರು ಇದನ್ನು ತಿಳಿದಿರಬೇಕು.

ಪಾಸ್ತಾದ ಕಥೆಯೂ ಅದೇ. ಅದಕ್ಕೆ ಬೆರೆಸುವ ಹಸಿರು ಚಟ್ನಿಯಂಥ ಪೆಸ್ಟೊಗೆ ಯಾವ ಚೀಸ್ ಅಂತ ಕೇಳಿದರೆ 'ಇಂಪೋರ್ಟೆಡ್, ಪಾರ್ಮಿಜಾನೊ' ಎಂಬ ಉತ್ತರ ಬಂತು. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ ಹಾಕಬೇಕು, ಅದು ಅಲ್ಲಿನ ನಿಯಮ. ಸಸ್ಯಾಹಾರಿಗಳು ಕೇಳಿ ತಿಳಿಯಬೇಕಾದ್ದು ಇನ್ನೂ ಇದೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಸಿಹಿ ತಿರಮಿಸುವಿಗೆ ಮೊಟ್ಟೆ ಬೀಳುತ್ತದೆ. ಕೆನೆಯಿಂದ ಮಾಡುವ ಸಿಹಿ ಪನ್ನಾ ಕೋಟಾ ಗಟ್ಟಿಯಾಗುವುದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್‌ನಿಂದ. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಆಂಚೊವಿ ಮೀನು ಇರುವುದುಂಟು. ಬರೀ ಸೊಪ್ಪು ತಾನೇ ಅಂತ ತರಿಸಿಕೊಳ್ಳಬೇಡಿ.

ಮಲ್ಲೇಶ್ವರದಲ್ಲಿ ಕೌಂಟರ್ ಹಿಂದೆ ನಿಂತ ಹುಡುಗಿ ನಾನು ಕೇಳುವ ಮೊದಲೇ ಅಮ್ಮನನ್ನು ಕೇಳಿದಳು, 'ಆಂಟಿ, ಮೊಟ್ಟೆ ತಿಂತೀರಾ?' ಇಲ್ಲ ಅಂದಿದ್ದಕ್ಕೆ 'ಹಾಗಾದ್ರೆ ತಿರಮಿಸು ಬೇಡ, ಅದರ ಬಿಸ್ಕತ್ತಿಗೇ ಮೊಟ್ಟೆ ಹಾಕಿರ್ತೀವಿ' ಅಂದಳು. ಅಲ್ಲಿ ಕ್ರೋಸಾಂಟ್ ಮೇಲೆ ಹಾಲು ಹಚ್ಚುತ್ತಾರೆ. ಹೊಳಪು ಕಡಿಮೆ, ಬೆಣ್ಣೆಯ ಪದರಕ್ಕೆ ಏನೂ ಕೊರತೆಯಿಲ್ಲ. ಚೀಸ್ ಬಗ್ಗೆ ಕೇಳಿದಾಗ ಫ್ರಿಜ್ ತೆಗೆದು ಪೊಟ್ಟಣವನ್ನೇ ತೋರಿಸಿದಳು. ನಮ್ಮ ದೇಶದ್ದೇ ಚೀಸ್, ಹಸಿರು ಚುಕ್ಕೆ ಇತ್ತು.

ಅಲ್ಲಿ ತಿನ್ನಲೇಬೇಕಾದ್ದು ಫೊಕಾಚಿಯಾ. ಇಟಲಿಯ ಈ ಬ್ರೆಡ್ಡಿಗೆ ಮೈದಾ, ನೀರು, ಉಪ್ಪು, ಯೀಸ್ಟ್ ಮತ್ತು ಆಲಿವ್ ಎಣ್ಣೆ ಸಾಕು. ಹಿಟ್ಟನ್ನು ನಮ್ಮ ದೋಸೆ ಹಿಟ್ಟಿನ ಹಾಗೆ ರಾತ್ರಿಯೆಲ್ಲಾ ಬಿಡುತ್ತಾರೆ. ಮೇಲೆ ಟೊಮೆಟೊ, ರೋಸ್‌ಮೇರಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟು ಬೇರೆ ತಿಂಡಿ ಹೊಗಳದ ಅತ್ತೆ ಇನ್ನೊಂದು ತುಂಡು ಕೇಳಿದರು.

ಕಾಫಿ ಲ್ಯಾವೆಲ್ ರಸ್ತೆಯದ್ದೇ ಮೇಲು. ಮಲ್ಲೇಶ್ವರದ ಎಸ್ಪ್ರೆಸೊ ಸ್ವಲ್ಪ ಕಹಿ.

ದುಡ್ಡಿನ ಮಾತು. ಮೂವರಿಗೆ ಮಲ್ಲೇಶ್ವರದಲ್ಲಿ ಸಾವಿರದ ಚಿಲ್ಲರೆ, ಲ್ಯಾವೆಲ್ ರಸ್ತೆಯಲ್ಲಿ ಅದರ ಎರಡರಷ್ಟು. ಸಾಲದ್ದಕ್ಕೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ದರು. ಅದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೇಳಿದ ಮೇಲೆ ತೆಗೆದರು. ನಿಮ್ಮ ಬಿಲ್ಲನ್ನೂ ನೋಡಿಕೊಳ್ಳಿ. ತೆಗೆಯದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ನಮಗೆ ದಾರಿಯೂ ಮಲ್ಲೇಶ್ವರದ್ದೇ ಸುಲಭ. ರೈಲಿನಲ್ಲಿ ಯಶವಂತಪುರಕ್ಕೆ ಬಂದು, ಹಸಿರು ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರಾಯಿತು. ಲ್ಯಾವೆಲ್ ರಸ್ತೆಗಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೊಗೆ ಬದಲಾಯಿಸಿ, ಆಮೇಲೆ ಆಟೋ ಹಿಡಿಯಬೇಕು. ಮಂಡಿನೋವಿನ ಅಮ್ಮನಿಗೆ ಅದು ಜಾಸ್ತಿಯಾಗುತ್ತದೆ.

ಗೆಳತಿಯರ ಜೊತೆ ಬರೀ ಕಾಫಿ, ಹರಟೆ ಅಂತಾದರೆ ನಾನೂ ಲ್ಯಾವೆಲ್ ರಸ್ತೆಗೆ ಹೋಗುತ್ತೇನೆ. ಮನೆಯವರ ಜೊತೆ ಖಂಡಿತ ಇಲ್ಲ. ಮಲ್ಲೇಶ್ವರದಲ್ಲಿ ಮೇಜು ಕಡಿಮೆ, ಮೊದಲೇ ಕಾದಿರಿಸಲು ಆಗುವುದಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಹತ್ತು ಗಂಟೆಯೊಳಗೆ ಸೇರಿಕೊಳ್ಳಿ. ಫೊಕಾಚಿಯಾ ಬೇಗ ಖಾಲಿಯಾಗುತ್ತದೆ.