ಪಿಕ್ಸೆಲ್ ರೀಮಾಸ್ಟರ್: ಆರೂ ಹಳೆ ಫೈನಲ್ ಫ್ಯಾಂಟಸಿ ಆಡಿ ಮುಗಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಹಳೆ ವಿಡಿಯೋ ಗೇಮ್‌ಗಳನ್ನು ಹೊಸ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರ) ತರುವುದಾದರೆ ಹೀಗೆ ತರಬೇಕು. ಆಟ ಹಳೆಯದಾಗಿಯೇ ಇದೆ. ಆದರೆ ಅದು ತಿನ್ನುತ್ತಿದ್ದ ಸಮಯವನ್ನು ಆಡುವವರ ಕೈಗೆ ಕೊಟ್ಟಿದ್ದಾರೆ. ಕೆಲಸ, ಮನೆ ಎರಡನ್ನೂ ತೂಗಿಸಿಕೊಂಡು ಹೋಗುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಗೊತ್ತಿಲ್ಲದವರಿಗೆ: ಫೈನಲ್ ಫ್ಯಾಂಟಸಿ ಅನ್ನುವುದು ಪಾತ್ರಗಳನ್ನು ಬೆಳೆಸುತ್ತಾ ಕಥೆಯಲ್ಲಿ ಸಾಗುವ ವಿಡಿಯೋ ಗೇಮ್ ಸರಣಿ. ಅದರ ಮೊದಲ ಆರು ಆಟಗಳು ಜಪಾನಿನಲ್ಲಿ 1987ರಿಂದ 1994ರ ನಡುವೆ ಬಂದವು. ಅವನ್ನೇ ಹೊಸದಾಗಿ ಚಿತ್ರ ಬಿಡಿಸಿ, ಸಂಗೀತವನ್ನು ಹೊಸದಾಗಿ ನುಡಿಸಿ ಪಿಕ್ಸೆಲ್ ರೀಮಾಸ್ಟರ್ ಅಂತ ಬಿಟ್ಟಿದ್ದಾರೆ. ಮೊದಲು ಕಂಪ್ಯೂಟರ್ ಮತ್ತು ಮೊಬೈಲ್‌ಗೆ ಬಂತು. 2023ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 4 ಮತ್ತು ಸ್ವಿಚ್‌ಗೆ, 2024ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂತು. ನಾನು ಆಡುತ್ತಿರುವುದು ಪ್ಲೇಸ್ಟೇಷನ್ 4ರಲ್ಲಿ. ಆರೂ ಮುಗಿದಿವೆ, ಐದನೆಯದನ್ನು ಈಗ ಮತ್ತೊಮ್ಮೆ ಆಡುತ್ತಿದ್ದೇನೆ.

ತುಮಕೂರಿನಲ್ಲಿ ನಾವು ಚಿಕ್ಕವರಿದ್ದಾಗ ಈ ಆಟಗಳ ಹೆಸರೂ ಕೇಳಿರಲಿಲ್ಲ. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್‌ಗೆ ಹಾಕುವ ಕ್ಯಾಸೆಟ್‌ಗಳಲ್ಲಿ ಮಾರಿಯೋ, ಕಾಂಟ್ರಾ ಇರುತ್ತಿದ್ದವು. ಕೂತಲ್ಲೇ ಆಡಿ ಏಳುವ ಆಟಗಳು. ಫೈನಲ್ ಫ್ಯಾಂಟಸಿಯಂಥ ಆಟಕ್ಕೆ ಸೇವ್ ಬೇಕು, ಅಂದರೆ ಆಡಿದಷ್ಟನ್ನು ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಮುಂದುವರಿಸಲು ಆಗಬೇಕು, ಅದಕ್ಕೆ ಕ್ಯಾಸೆಟ್ ಒಳಗೆ ಬ್ಯಾಟರಿ ಬೇಕು. ನಮ್ಮ ಕೈಗೆ ಬರುತ್ತಿದ್ದ ಅಗ್ಗದ ಕ್ಯಾಸೆಟ್‌ಗಳಲ್ಲಿ ಅದು ಇರುತ್ತಿರಲಿಲ್ಲ. ಹಾಗಾಗಿ ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಇದು ಮರುಬಿಡುಗಡೆ ಅಲ್ಲವೇ ಅಲ್ಲ, ಮೊದಲ ಬಿಡುಗಡೆ.

ಸೇವ್ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ದಿನಾ ಉಪಯೋಗಕ್ಕೆ ಬರುವುದು ಅದೇ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಾಲಿಟ್ಟರೆ ಆಟ ತಾನಾಗಿಯೇ ಸೇವ್ ಆಗುತ್ತದೆ. ಅದು ಸಾಲದು ಅಂದರೆ ಹೊಡೆದಾಟ ನಡೆಯುವ ಹೊತ್ತು ಬಿಟ್ಟು ಬೇಕಾದಾಗ ಕ್ವಿಕ್ ಸೇವ್ ಮಾಡಬಹುದು. ನಾನು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು. ರಾತ್ರಿ ಊಟ ಆದಮೇಲೆ ಸಿಗುವುದು ಸ್ವಲ್ಪ ಹೊತ್ತು. ಅದರಲ್ಲೂ ಮಳೆಗಾಲದಲ್ಲಿ ಗುಡುಗು ಸಿಡಿಲು ಶುರುವಾದರೆ ನಮ್ಮ ಬಡಾವಣೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ. ಕತ್ತಲೆಯಲ್ಲಿ ಟಿವಿ ಆರಿದಾಗ ಎದೆ ಧಸಕ್ ಅನ್ನುತ್ತದೆ. ಕರೆಂಟ್ ಬಂದ ಮೇಲೆ ನೋಡಿದರೆ ಹೋಗಿರುವುದು ಒಂದೆರಡು ಹೊಡೆದಾಟ ಅಷ್ಟೇ. ಮೂರನೇ ಆಟದ ಕೊನೆಯನ್ನೇ ತಗೊಳ್ಳಿ. 1990ರ ಮೂಲ ಆಟದಲ್ಲಿ ಆ ಕೊನೆಯ ಗೋಪುರ ಹತ್ತಲು ಶುರು ಮಾಡಿದರೆ ಮಧ್ಯೆ ಎಲ್ಲೂ ಸೇವ್ ಇಲ್ಲ. ಗಂಟೆಗಟ್ಟಲೆ ಆಡಿ ಸತ್ತರೆ ಮತ್ತೆ ಬುಡದಿಂದ ಹತ್ತಬೇಕು. ಅದನ್ನು ಹಾಗೇ ಇಟ್ಟಿದ್ದರೆ ನಾನು ಆ ಆಟ ಮುಗಿಸುತ್ತಿರಲಿಲ್ಲ.

ಕನ್ಸೋಲ್‌ಗೆ ಬಂದಾಗ ಇನ್ನೂ ಎರಡು ಸವಲತ್ತು ಸೇರಿಸಿದರು. ದಾರಿಯಲ್ಲಿ ಅಡ್ಡ ಬರುವ ಹೊಡೆದಾಟಗಳನ್ನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ಗೆದ್ದಾಗ ಸಿಗುವ ಅನುಭವ, ಹಣ ಎಲ್ಲವನ್ನೂ ಸೊನ್ನೆಯಿಂದ ನಾಲ್ಕು ಪಟ್ಟಿನವರೆಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಮೊದಲನೆಯದು ಬಹಳ ಒಳ್ಳೆಯದು. ಗುಹೆಯ ತಳದಲ್ಲಿ ಬಾಸ್ (ಅಲ್ಲಿನ ದೊಡ್ಡ ಶತ್ರು) ಸತ್ತ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಸುಮ್ನೆ ಯಾಕೆ ಹೊಡೆದಾಡಬೇಕು? ಬಿಟ್ಟುಹೋದ ನಿಧಿ ಪೆಟ್ಟಿಗೆ ಹುಡುಕುವಾಗಲೂ ಅಷ್ಟೇ. ಒಂದು ಜಾಗದಲ್ಲಿ ಎಷ್ಟು ಪೆಟ್ಟಿಗೆ ಇವೆ, ಎಷ್ಟು ಸಿಕ್ಕಿವೆ ಅಂತ ಮ್ಯಾಪ್ ತೋರಿಸುತ್ತದೆ.

ಎರಡನೆಯದನ್ನು ಮಾತ್ರ ನೋಡಿಕೊಂಡು ಬಳಸಿ. ಮೊದಲ ಸಲ ಐದನೇ ಆಟ ಆಡುವಾಗ ನಾಲ್ಕು ಪಟ್ಟು ಇಡಲೇಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ, ರಜೆಯಲ್ಲಿ ಬಂದು ಐದನೆಯದನ್ನು ಶುರು ಮಾಡಿದ. ಹಡಗುಗಳ ಸ್ಮಶಾನದಲ್ಲಿ ಸೈರನ್ ಅಂತ ಒಬ್ಬಳು ಬಾಸ್ ಬರುತ್ತಾಳೆ. ಅವಳು ಮಧ್ಯೆ ಮಧ್ಯೆ ಪ್ರೇತವಾಗಿ ಬದಲಾಗುತ್ತಾಳೆ. ಆಗ ಕತ್ತಿ ಬೀಸಿದರೆ ಹೆಚ್ಚೇನೂ ಆಗುವುದಿಲ್ಲ. ಹುಡುಗ ಒದ್ದಾಡಿ, ಯೋಚನೆ ಮಾಡಿ, ಗಾಯ ಮಾಯಿಸುವ ಮಂತ್ರವನ್ನು ಅವಳ ಮೇಲೆಯೇ ಹಾಕಿದ. "ಮಾವ, ಕ್ಯೂರ್ ಹಾಕಿದ್ರೆ ಅವ್ಳಿಗೆ ಏಟು ಬೀಳ್ತಾ ಇದೆ!" ಅಂತ ಅಡುಗೆಮನೆವರೆಗೂ ಕೇಳುವಂತೆ ಕೂಗಿದ. ಪಾತ್ರಗಳ ಲೆವೆಲ್ (ಶಕ್ತಿಯ ಮಟ್ಟ) ಜಾಸ್ತಿ ಇದ್ದಿದ್ದರೆ ಬರೀ ಕತ್ತಿಯಲ್ಲೇ ಮುಗಿಸಿ ಮುಂದೆ ಹೋಗಿರುತ್ತಿದ್ದ. ಆ ಆಟದ ಜೀವವೇ ಅದು. ಇಪ್ಪತ್ತೆರಡು ಜಾಬ್‌ಗಳಿವೆ (ಯೋಧ, ಮಾಂತ್ರಿಕ ಹೀಗೆ ಪಾತ್ರಗಳಿಗೆ ಕೊಡುವ ಕಸುಬುಗಳು), ಯಾವ ಶತ್ರುವಿಗೆ ಯಾವ ಜಾಬ್, ಯಾರಿಗೆ ಯಾವ ವಿದ್ಯೆ ಜೋಡಿಸಬೇಕು ಅನ್ನುವುದೇ ಆಟ. ಎರಡನೇ ಸಲ ಆಡುವಾಗ ಬೇಕಾದರೆ ಏರಿಸಿಕೊಳ್ಳಿ.

ಎರಡನೇ ಆಟಕ್ಕೆ ಮಾತ್ರ ಈ ಏರಿಕೆ ವರದಾನ. ಅದರಲ್ಲಿ ಲೆವೆಲ್ ಇಲ್ಲ. ಯಾವ ಆಯುಧ ಜಾಸ್ತಿ ಬಳಸುತ್ತೀರೋ ಅದು ಬೆಳೆಯುತ್ತದೆ, ಏಟು ತಿಂದರೆ ಪ್ರಾಣಶಕ್ತಿ ಬೆಳೆಯುತ್ತದೆ. ಯೋಚನೆ ಚೆನ್ನಾಗಿದೆ, ಆದರೆ ಆಡಲು ತುಂಬಾ ನಿಧಾನ. ಮೊದಲನೆಯದು ಸರಳ, ಚಿಕ್ಕದು, ಒಂದು ವಾರಾಂತ್ಯಕ್ಕೆ ಸರಿ. ನಾಲ್ಕನೆಯದರ ಕಥೆ ಇಷ್ಟವಾಯಿತು.

ಆರನೆಯದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹದಿನಾಲ್ಕು ಪಾತ್ರಗಳು, ಒಬ್ಬೊಬ್ಬರಿಗೂ ಒಂದೊಂದು ನೋವು. ಅರ್ಧ ದಾರಿಯಲ್ಲಿ ಖಳನಾಯಕ ಕೆಫ್ಕಾ ನಿಜವಾಗಿಯೂ ಗೆದ್ದುಬಿಡುತ್ತಾನೆ, ಜಗತ್ತೇ ಒಡೆದುಹೋಗುತ್ತದೆ. ಇನ್ನು ಆ ಒಪೆರಾ ದೃಶ್ಯ. ಸೆಲೆಸ್ ವೇದಿಕೆ ಮೇಲೆ ಹಾಡಬೇಕು, ಮುಂದಿನ ಸಾಲು ಯಾವುದು ಅಂತ ನಾವು ನೆನಪಿಟ್ಟು ಆರಿಸಬೇಕು. 1994ರಲ್ಲಿ ಆಗಿನ ಕನ್ಸೋಲ್‌ಗೆ ಹಾಡುವ ದನಿ ಕೊಡಲು ಆಗುತ್ತಿರಲಿಲ್ಲ, ದನಿಯಂಥ ಒಂದು ನಾದ ಮಾತ್ರ ಬರುತ್ತಿತ್ತು. ಈಗ ನಿಜವಾದ ಗಾಯಕರು ಹಾಡಿದ್ದಾರೆ. ಸಂಗೀತ ಕೊಟ್ಟ ನೊಬುಓ ಉಎಮಾತ್ಸು ಅವರೇ ಹೊಸ ಸಂಗೀತದ ಉಸ್ತುವಾರಿ ನೋಡಿಕೊಂಡಿದ್ದಾರೆ. ಹಳೆ ಸಂಗೀತವೇ ಬೇಕು ಅಂದರೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಬಹುದು. ನಾನು ಇಡೀ ಆಟವನ್ನು ಹಳೆ ಸಂಗೀತದಲ್ಲಿ ಆಡಿ, ಒಪೆರಾಕ್ಕೆ ಮಾತ್ರ ಹೊಸದಕ್ಕೆ ಬಂದೆ. ನೀವೂ ಹಾಗೆ ಮಾಡಿ ನೋಡಿ. ಮೂಲ ಆಟಗಳ ಪಾತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ಬರೆದ ಕಜುಕೊ ಶಿಬುಯಾ ಅವರೇ ಇಲ್ಲೂ ಪಾತ್ರಗಳನ್ನು ಬರೆದಿದ್ದಾರೆ, ಅದಕ್ಕೇ ಮುಖಗಳು ಬದಲಾದಂತೆ ಅನ್ನಿಸುವುದಿಲ್ಲ. ಅಕ್ಷರಗಳಿಗೂ ಹಳೆ ಚೌಕಟ್ಟಿನ ಫಾಂಟ್ ಆರಿಸಿಕೊಳ್ಳಿ, ದೊಡ್ಡ ಟಿವಿಯಲ್ಲಿ ಅದೇ ಒಪ್ಪುತ್ತದೆ.

ಇಷ್ಟೆಲ್ಲ ಮಾಡಿದವರು ಒಂದು ಕಡೆ ಕೈ ಬಿಗಿ ಹಿಡಿದಿದ್ದು ಬೇಜಾರು. ಮೂರನೆಯದು ಬಿಟ್ಟು ಉಳಿದ ಆಟಗಳು ಹಿಂದೆ ಗೇಮ್ ಬಾಯ್ ಅಡ್ವಾನ್ಸ್‌ಗೆ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಬಂದಾಗ ಜಾಸ್ತಿ ಸರಕು ಸೇರಿಸಿದ್ದರು. ಐದನೆಯದರಲ್ಲಿ ನಾಲ್ಕು ಹೊಸ ಜಾಬ್, ಆರನೆಯದರಲ್ಲಿ ಡ್ರ್ಯಾಗನ್‌ಗಳ ಗುಹೆ, ನಾಲ್ಕನೆಯದರಲ್ಲಿ ಕೊನೆಗೆ ಪಾತ್ರಗಳ ತಂಡವನ್ನು ಬದಲಾಯಿಸಿಕೊಳ್ಳುವ ಅವಕಾಶ. ಅದ್ಯಾವುದೂ ಇಲ್ಲಿಲ್ಲ. ಮೂಲ ಆಟವನ್ನೇ ಕೊಡಬೇಕು ಅನ್ನುವ ಮಾತು ಒಪ್ಪುತ್ತೇನೆ. ಆದರೆ ಸಂಗೀತಕ್ಕೆ ಆಯ್ಕೆ ಕೊಟ್ಟ ಹಾಗೆ ಇದಕ್ಕೂ ಕೊಡಬಹುದಿತ್ತು ಅಲ್ವಾ?

ಇನ್ನೊಂದು ಕೊರಗು ಭಾಷೆಯದು. ಕೊರಿಯನ್, ಥಾಯ್ ಭಾಷೆಗಳಲ್ಲೂ ಆಡಬಹುದು, ಭಾರತದ ಒಂದು ಭಾಷೆಯೂ ಇಲ್ಲ. ಇವು ಓದುವ ಆಟಗಳು. ಅಕ್ಕನ ಮಗನ ಗೆಳೆಯ ಕನ್ನಡ ಮಾಧ್ಯಮದಲ್ಲಿ ಓದಿದವನು, ಬಹಳ ಚುರುಕು. ಜಾಬ್‌ಗಳನ್ನು ಇವನಿಗಿಂತ ಬೇಗ ಅರ್ಥ ಮಾಡಿಕೊಂಡ. ಮಾತುಕತೆ ಬಂದಾಗ ಮಾತ್ರ ಇವನ ಮುಖ ನೋಡುತ್ತಿದ್ದ, ಇವನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿಕೊಂಡು ಹೋಗುತ್ತಿದ್ದ. ಅಂಥ ಹುಡುಗರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇರಬಹುದು!

ಕೊಳ್ಳುವವರಿಗೆ: ಆರೂ ಒಟ್ಟಿಗೆ ಬೇಡ. ಬಿಡಿಬಿಡಿಯಾಗಿ ಸಿಗುತ್ತವೆ, ರಿಯಾಯಿತಿ ಬಂದಾಗ ತಗೊಳ್ಳಿ. ಕಥೆ ಬೇಕಾದವರು ಆರರಿಂದ, ತಲೆಗೆ ಕೆಲಸ ಬೇಕಾದವರು ಐದರಿಂದ ಶುರು ಮಾಡಿ. ಒಂದರ ಕಥೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲ, ಹಾಗಾಗಿ ಕ್ರಮ ಮುಖ್ಯ ಅಲ್ಲ. ಎರಡನೆಯದನ್ನು ಕೊನೆಗೆ ಇಟ್ಟುಕೊಳ್ಳಿ.