ಲೇತ್‌ಗೆ ಕೊಡೋದೋ, ಹೊಸ ಬ್ರೇಕ್ ಡಿಸ್ಕ್ ಹಾಕೋದೋ: ದಾವಣಗೆರೆ–ಚಿತ್ರದುರ್ಗ ರಸ್ತೆಗೆ ನಾಲ್ಕು ಆಯ್ಕೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬ್ರೇಕಿಗೆ ಕೆಲಸ ಕಡಿಮೆ. ಬಂದರೆ ಮಾತ್ರ ಒಮ್ಮೆಲೇ ಬರುತ್ತದೆ. ನೂರರ ವೇಗದಲ್ಲಿರುವಾಗ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರು ಸಿಗುತ್ತದೆ. ಹಳ್ಳಿ ರಸ್ತೆಗೆ ತಿರುಗಿದರೆ, ಸುಗ್ಗಿಯಲ್ಲಿ ಅರ್ಧ ಡಾಂಬರಿನ ಮೇಲೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಹೀಗೆ ಗಟ್ಟಿಯಾಗಿ ಬ್ರೇಕ್ ಹಿಡಿದು, ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಕಾದಿರುವಾಗಲೇ ಹೆಬ್ಬಾಳು ಟೋಲ್‌ನಲ್ಲಿ ಪೆಡಲ್ ಒತ್ತಿಕೊಂಡು ನಿಂತರೆ ಆ ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತದೆ. ಆಮೇಲೆ ಸ್ಟೇರಿಂಗ್ ನಡುಗುತ್ತದೆ, ಗ್ಯಾರೇಜಿನಲ್ಲಿ "ಡಿಸ್ಕ್ ಬೆಂಡಾಗಿದೆ" ಅನ್ನುತ್ತಾರೆ.

ನಿಜವಾಗಿ ಬಗ್ಗಿದ ಡಿಸ್ಕ್ ಅಪರೂಪ. ನಡುಕಕ್ಕೆ ಕಾರಣ ಒಂದೋ ಆ ಅಚ್ಚು, ಇಲ್ಲವೇ ದಪ್ಪದಲ್ಲಿ ಬಂದ ಏರುಪೇರು. ಹಬ್ಬಿನ (ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗ) ಮುಖದ ಮೇಲೆ ತುಕ್ಕಿನ ಒಂದು ಚಿಪ್ಪು ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಹಬ್ಬಿನಲ್ಲಿ 0.05 ಮಿ.ಮೀ. ಇದ್ದ ಓರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗಿರುತ್ತದೆ. ಬ್ರೇಕ್ ಹಿಡಿಯದಿದ್ದಾಗಲೂ ಪ್ರತಿ ಸುತ್ತಿಗೆ ಅದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತದೆ. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೆ ಕಾಲಿಗೆ ಗೊತ್ತಾಗುತ್ತದೆ. ಹಾಕಿಸಿದ ದಿನ ಚೆನ್ನಾಗಿದ್ದ ಡಿಸ್ಕ್ ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ನಡುಗಲು ಶುರುಮಾಡುವುದು ಇದರಿಂದಲೇ. ಹಾಗಾಗಿ ಕೆಳಗಿನ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಹಬ್ ಉಜ್ಜದೆ ಕೂರಿಸಿದರೆ ಫಲಿತಾಂಶ ಒಂದೇ. ಎಲ್ಲವನ್ನೂ ಸಾಮಾನ್ಯ ಹ್ಯಾಚ್‌ಬ್ಯಾಕ್‌ನ ಮುಂದಿನ ಚಕ್ರಕ್ಕೆ ಹಾಕಿ, ಓರೆ ಅಳೆಯುವ ಡಯಲ್ ಗೇಜ್ ಹಿಡಿದು, ಇದೇ ರಸ್ತೆಯಲ್ಲಿ ಓಡಿಸಿ ನೋಡಿದ್ದು.

ಮೊದಲನೆಯದು ಹಳೆಯ ಡಿಸ್ಕನ್ನೇ ಲೇತ್‌ಗೆ ಕೊಡುವುದು, ಅಂದರೆ ಮೇಲ್ಮೈಯನ್ನು ತೆಳುವಾಗಿ ಕೊರೆಸಿ ಸಮ ಮಾಡಿಸುವುದು. ಖರ್ಚು ಎಲ್ಲಕ್ಕಿಂತ ಕಡಿಮೆ, ಕೆಲವೊಮ್ಮೆ ಸರಿಯಾದ ದಾರಿಯೂ ಹೌದು. ಕೊಡುವ ಮುಂಚೆ ಮೈಕ್ರೋಮೀಟರ್‌ನಲ್ಲಿ ಆರೆಂಟು ಕಡೆ ದಪ್ಪ ಅಳೆಯಿರಿ. ವರ್ನಿಯರ್ ಇಟ್ಟರೆ ಅಂಚಿನ ತುಟಿಗೆ ತಾಗಿ ಸುಳ್ಳು ಅಳತೆ ಬರುತ್ತದೆ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚೊತ್ತಿರುತ್ತದೆ. ಹೊಸದಾಗಿ 22 ಮಿ.ಮೀ. ಇರುವ ಡಿಸ್ಕಿಗೆ 20 ಎಂದಿರುವುದು ಸಾಮಾನ್ಯ. ಈಗ 21.3 ಇದ್ದು 0.4 ತೆಗೆಸಿದರೆ 20.9, ಒಂದು ಸೆಟ್ ಪ್ಯಾಡ್ ಕಳೆಯಬಹುದು. 20.6 ಇದ್ದರೆ ಲೇತ್‌ನ ದುಡ್ಡು ದಂಡ: ತೆಗೆಸಿದ ಮೇಲೆ ಕನಿಷ್ಠಕ್ಕಿಂತ ಮೇಲೆ ಉಳಿಯುವುದು 0.2 ಮಾತ್ರ, ಮೇಲಾಗಿ ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ಎಡ ಬಲ ಎರಡನ್ನೂ ಸಮನಾಗಿ ತೆಗೆಸಬೇಕು. ಇಲ್ಲಿ ಎಡವಟ್ಟಾಗುವುದು ಲೇತ್ ಡಿಸ್ಕನ್ನು ಹಿಡಿಯುವ ಚಕ್‌ನಲ್ಲಿ. ಡಿಸ್ಕಿನ ಒಳಮುಖದ ತುಕ್ಕು ತೆಗೆಯದೆ ಲೇತ್‌ಗೆ ಕಟ್ಟಿದರೆ ಇಲ್ಲದ ಓರೆಯನ್ನು ಕೊರೆದು ಕೊಟ್ಟಂತೆ. ಮೇಲ್ಮೈ ಕನ್ನಡಿಯಂತೆ ಹೊಳೆದರೂ ಮೋಸ ಹೋಗಬೇಡಿ, ಗೇಜ್ ಇಟ್ಟೇ ನೋಡಿ.

ಕಾರು ಕಂಪನಿಯ ಡಿಸ್ಕ್ (ಮಾರುತಿಯ ಜೆನ್ಯೂನ್ ಪಾರ್ಟ್ಸ್, ಹ್ಯುಂಡೈಗೆ ಮೊಬಿಸ್) ಮತ್ತು ಬಾಷ್, ಬ್ರೆಂಬೊದಂಥ ಹೆಸರಿರುವ ಪ್ಲೇನ್ ಡಿಸ್ಕ್, ಇವೆರಡರ ನಡುವೆ ಓಡಿಸುವವರಿಗೆ ವ್ಯತ್ಯಾಸ ಸಿಗುವುದಿಲ್ಲ. ಎರಡೂ ಎರಕದ ಕಬ್ಬಿಣವೇ, ಶುಚಿಯಾದ ಹಬ್ಬಿನ ಮೇಲೆ ಎರಡೂ 0.05 ಮಿ.ಮೀ. ಒಳಗೇ ಕೂತವು. ಬೆಲೆ ಕೇಳಿ, ಯಾವುದು ಅಗ್ಗವೋ ಅದನ್ನು ತನ್ನಿ. ಅಂಗಡಿಯಲ್ಲಿ ಹೆಸರಿಲ್ಲದ ಮೂರನೆಯದೊಂದನ್ನೂ ಮುಂದಿಡುತ್ತಾರೆ, ಅದು ಬೇಡ. ಕನಿಷ್ಠ ದಪ್ಪದ ಅಚ್ಚು ಇಲ್ಲದಿದ್ದರೆ, ಗಾಳಿ ಸಂದಿನ ಎರಡೂ ಬದಿಯ ಗೋಡೆಗಳಲ್ಲಿ ಒಂದು ದಪ್ಪ ಒಂದು ತೆಳು ಕಂಡರೆ, ವಾಪಸ್ ಕೊಡಿ. ಕಾದಾಗ ಎರಡು ಮುಖ ಒಂದೇ ರೀತಿ ಹಿಗ್ಗುವುದಿಲ್ಲ.

ಬೂದು ಬಣ್ಣದ ಸತುವಿನ ಲೇಪನವಿರುವ ಡಿಸ್ಕಿಗೆ ಸ್ವಲ್ಪ ಹೆಚ್ಚು ಕೊಡಬೇಕು. ಮಂಗಳೂರಿನ ಉಪ್ಪುಗಾಳಿಗೆ ಅದು ಬೇಕೇ ಬೇಕು, ನಮ್ಮ ಒಣ ಹವೆಗೆ ಅಷ್ಟು ತುರ್ತಿಲ್ಲ. ಆದರೂ ಮುಂದಿನ ಸಲ ಬಿಚ್ಚುವಾಗ ಡಿಸ್ಕ್ ಹಬ್ಬಿಗೆ ಅಂಟಿರುವುದಿಲ್ಲ. ಆ ಒಂದು ಸುಖಕ್ಕೆ ನಾವು ಇದನ್ನೇ ಆರಿಸುತ್ತೇವೆ.

ತೂತು ಕೊರೆದ ಡಿಸ್ಕ್ ಈ ಊರುಗಳಿಗೆ ಬೇಡ. ಮಳೆಗಾಲದ ಎರೆಮಣ್ಣು ತೂತಿಗೆ ಮೆತ್ತಿ ಗಟ್ಟಿಯಾಗುತ್ತದೆ, ಹೆಚ್ಚು ಕಾದಾಗ ತೂತಿನಿಂದ ತೂತಿಗೆ ಬಿರುಕು ಹಾಯುತ್ತದೆ. ಒಂದೇ ಸಲ ಜೋರಾಗಿ ಬ್ರೇಕ್ ಹಿಡಿದಾಗ ಕಾರು ಎಲ್ಲಿ ನಿಲ್ಲುತ್ತದೆ ಎಂಬುದು ಟೈರಿನ ಹಿಡಿತದ ಮೇಲಿದೆ, ತೂತಿನ ಮೇಲಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಇಳಿಯುವಾಗ ಬ್ರೇಕ್ ಕಾಯುತ್ತದೆ ಎಂದು ಇದನ್ನು ಹಾಕಿಸುವವರಿದ್ದಾರೆ. ಎರಡನೇ ಗೇರ್‌ನಲ್ಲಿ ಇಳಿದರೆ ಪ್ಲೇನ್ ಡಿಸ್ಕೇ ಸಾಕು. ಗೀರು ಕೊರೆದದ್ದು ಬಿರುಕು ಬಿಡುವುದು ಕಡಿಮೆ, ಆದರೆ ಗುಂಯ್‌ಗುಡುತ್ತದೆ, ಪ್ಯಾಡ್ ಬೇಗ ತಿನ್ನುತ್ತದೆ.

ಇನ್ನು ಹಾಕುವ ಕೆಲಸ. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಜಾಕ್ ಜೊತೆಗೆ ಸ್ಟ್ಯಾಂಡ್ ಕೊಡಿ. ಬಿಚ್ಚಿದ ಕ್ಯಾಲಿಪರನ್ನು (ಪ್ಯಾಡ್‌ಗಳನ್ನು ಒತ್ತುವ ಭಾಗ) ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಹೋಸ್‌ನಿಂದ ಜೋತಾಡಲು ಬಿಡಬೇಡಿ. ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು, ಮಾಮೂಲಿ ಸ್ಕ್ರೂಡ್ರೈವರ್ ತಲೆಯನ್ನೇ ಸವೆಸುತ್ತದೆ. ಡಿಸ್ಕ್ ಅಂಟಿದ್ದರೆ, ಅದರಲ್ಲಿ ಮರೆ (ಥ್ರೆಡ್) ಇರುವ ಎರಡು ತೂತಿದ್ದರೆ, 8 ಮಿ.ಮೀ. ಬೋಲ್ಟ್ ಎರಡನ್ನೂ ಸರದಿಯಲ್ಲಿ ತಿರುಗಿಸಿದರೆ ತಾನೇ ಎದ್ದು ಬರುತ್ತದೆ. ಹಬ್ಬಿನ ಮುಖವನ್ನು ವೈರ್ ಬ್ರಶ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಸ್ಟಡ್‌ಗಳ ಬುಡವನ್ನೂ ಬಿಡಬೇಡಿ. ಅಲ್ಲಿ ಗ್ರೀಸ್ ಬಳಿಯುವುದು ಬೇಡ. ಲೇಪನವಿಲ್ಲದ ಹೊಸ ಡಿಸ್ಕಿಗೆ ಎಣ್ಣೆ ಸವರಿರುತ್ತದೆ, ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ.

ಡಿಸ್ಕ್ ಕೂರಿಸಿ ಎಲ್ಲ ನಟ್‌ಗಳನ್ನೂ ವಾಷರ್ ಕೊಟ್ಟು ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಗೇಜ್ ಇಟ್ಟು ತಿರುಗಿಸಿ. 0.05 ದಾಟಿದರೆ ಡಿಸ್ಕನ್ನು ಒಂದು ತೂತು ಮುಂದಕ್ಕೆ ಸರಿಸಿ ಮತ್ತೆ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಹಳೆಯ ಪ್ಯಾಡ್ ಹಳೆಯ ಡಿಸ್ಕಿನ ಗೆರೆಗೆ ಹೊಂದಿರುವುದರಿಂದ ಹೊಸ ಡಿಸ್ಕಿಗೆ ಹೊಸ ಪ್ಯಾಡ್. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಕಚ್ಚುತ್ತದೆ. ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕದಂತೆ ನೋಡಿಕೊಳ್ಳಿ, ಬಿದ್ದರೆ ಪೇಂಟ್ ಎದ್ದುಹೋಗುತ್ತದೆ. ಚಕ್ರದ ನಟ್‌ಗಳನ್ನು ಎದುರುಬದುರಾಗಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಕೊನೆಯದು. ಏರ್ ಗನ್‌ನಿಂದ ಒಂದೊಂದನ್ನೂ ಒಂದೊಂದು ಬಿಗಿಗೆ ತಂದರೆ ಆವರೆಗೆ ಸರಿಯಿದ್ದ ಡಿಸ್ಕ್ ಅಲ್ಲೇ ಓರೆಯಾಗುತ್ತದೆ.

ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಮೊದಲ ಎರಡು ಮೂರು ತುಳಿತಕ್ಕೆ ಬ್ರೇಕ್ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಸಲ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ, ಕೊನೆಗೆ ಐದಾರು ಕಿ.ಮೀ. ಬ್ರೇಕ್ ಮುಟ್ಟದೆ ಆರಲು ಬಿಡಿ. ಟೋಲ್‌ನಲ್ಲಿ ಸಾಲು ಇದ್ದರೆ ಕಾಲು ತೆಗೆದು ಹ್ಯಾಂಡ್ ಬ್ರೇಕ್ ಎಳೆಯಿರಿ.